ಟೊಮೆಟೊ ಚುಕ್ಕೆರೋಗಕ್ಕೆ ಆಸ್ಪಿರಿನ್ ನೀರು: ಗಿಡದ ಹಾರ್ಮೋನು ಮತ್ತು ದುಂಡಾಣುವಿನ ಕಳ್ಳಕೀಲಿ

ಪ್ರಶ್ನೆ: ಸುಮಾರು 40 ಟೊಮೆಟೊ ಗಿಡ ಬೆಳೆಸಿದ್ದೇನೆ. ನಾಲ್ಕು ದಿನ ಬಿಡದೆ ಮಳೆ ಹಿಡಿದ ಮೇಲೆ ಕೆಳಗಿನ ಎಲೆಗಳಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳು, ಅವುಗಳ ಸುತ್ತ ಹಳದಿ ಬಳೆ ಕಾಣಿಸಿಕೊಂಡವು. ಪರೀಕ್ಷೆ ಮಾಡಿಸಿದಾಗ ಸ್ಯೂಡೋಮೊನಾಸ್ ದುಂಡಾಣುವಿನ ಚುಕ್ಕೆರೋಗವೆಂದು ತಿಳಿಯಿತು. ರೋಗ ಬಂದಾಗ ಗಿಡಗಳು ಸ್ಯಾಲಿಸಿಲಿಕ್ ಆಮ್ಲವೆಂಬ ಹಾರ್ಮೋನನ್ನು ತಯಾರಿಸಿಕೊಳ್ಳುತ್ತವೆ, ಅದು ಆಸ್ಪಿರಿನ್‌ಗೆ ಹತ್ತಿರದ ಸಂಬಂಧಿ ಎಂದು ಓದಿ, ಒಂದು ಲೀಟರ್ ನೀರಿಗೆ 325 ಮಿಲಿಗ್ರಾಂನ ನಾಲ್ಕು ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ಬೆರೆಸಿ ಎಲ್ಲ ಗಿಡಗಳಿಗೂ ಸಿಂಪಡಿಸಿದೆ. ಚುಕ್ಕೆ ಹೋಗಲಿಲ್ಲ, ಕುಡಿ ಎಲೆಗಳ ಅಂಚು ಸುಟ್ಟಂತಾಯಿತು, ಈಗ ಎಲೆ ತಿನ್ನುವ ಹುಳುಗಳೂ ಹೆಚ್ಚಾದಂತಿವೆ. ಜಾಸ್ಮೋನೇಟ್ ಎಂಬ ಇನ್ನೊಂದು ಹಾರ್ಮೋನು ಹುಳುಗಳನ್ನು ತಡೆಯುತ್ತದಂತೆ. ಎರಡನ್ನೂ ಬೆರೆಸಿ ಹೊಡೆದರೆ ರೋಗವೂ ಹುಳುವೂ ಒಟ್ಟಿಗೆ ಹತೋಟಿಗೆ ಬರಬಹುದೇ? ಹಾರ್ಮೋನು ಬಿದ್ದ ಹಣ್ಣು ತಿಂದರೆ ನಮಗೇನಾದರೂ ತೊಂದರೆಯಾದೀತೇ?

ಉತ್ತರ: ಆಸ್ಪಿರಿನ್ ಏಕೆ ಫಲ ಕೊಡಲಿಲ್ಲ, ಎರಡು ಹಾರ್ಮೋನು ಬೆರೆಸಬಹುದೇ, ಹಣ್ಣು ತಿನ್ನಬಹುದೇ ಎಂದು ಮೂರು ಸಂಗತಿಗಳನ್ನು ಕೇಳಿದ್ದೀರಿ. ನಡುವಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಉತ್ತರ ಓದಿ ಮುಗಿಸುವ ಮೊದಲೇ ನೀವು ಆ ಕೆಲಸಕ್ಕೆ ಕೈಹಾಕಬಹುದೆಂಬ ಅಳುಕು ನನಗಿದೆ. ದಯವಿಟ್ಟು ಬೆರೆಸಬೇಡಿ. ನಿಮ್ಮ ಗಿಡಗಳಿಗೆ ಬಂದಿರುವ ದುಂಡಾಣುವಿನ ಅನೇಕ ತಳಿಗಳು ಎಲೆಯೊಳಗೆ ನೆಲೆಯೂರಲು ಹೂಡುವ ಉಪಾಯವೇ ಜಾಸ್ಮೋನೇಟಿನ ನಕಲು. ಅದೇ ವಸ್ತುವನ್ನು ನೀವು ಹೊರಗಿನಿಂದ ಸಿಂಪಡಿಸಿದರೆ ರೋಗಾಣುವಿನ ಕೆಲಸದಲ್ಲಿ ಒಂದು ಪಾಲನ್ನು ನೀವೇ ಮಾಡಿಕೊಟ್ಟಂತಾಗುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಸ್ಯಾಲಿಸಿಲಿಕ್ ಆಮ್ಲ ದುಂಡಾಣುವನ್ನು ಕೊಲ್ಲುವ ಔಷಧಿ ಎಂದು ಬಹಳ ಮಂದಿ ಭಾವಿಸುತ್ತಾರೆ, ಮತ್ತು 'ಆಸ್ಪಿರಿನ್' ಎಂಬ ಹೆಸರೇ ಈ ಭಾವನೆಯನ್ನು ಬೆಳೆಸುತ್ತದೆ. ಗಿಡದೊಳಗೆ ಅದು ಇರುವ ಪ್ರಮಾಣದಲ್ಲಿ ಅದರ ಮುಖ್ಯ ಕೆಲಸ ಕೊಲ್ಲುವುದಲ್ಲ, ತಿಳಿಸುವುದು. ಜೀವಕೋಶದ ಬೀಜಕೇಂದ್ರಕ್ಕೆ 'ಈಗ ಈ ಬಗೆಯ ಶತ್ರು ಬಂದಿದೆ, ಈ ವಂಶವಾಹಿಗಳನ್ನು ಚಾಲೂ ಮಾಡು, ಬೆಳವಣಿಗೆಯನ್ನು ಸ್ವಲ್ಪ ತಡೆ' ಎಂಬ ಆದೇಶವನ್ನು ಅದು ಮುಟ್ಟಿಸುತ್ತದೆ. ಆದೇಶ ತಲುಪಿದ ಮೇಲೆ ರಕ್ಷಣಾ ಪ್ರೋಟೀನ್‌ಗಳು ತಯಾರಾಗಲು ಹೊತ್ತು ಬೇಕು, ಮತ್ತು ಆ ಹೊತ್ತಿಗೆ ಎಲೆಯ ಆ ಭಾಗ ಜೀವಂತವಾಗಿರಬೇಕು. ನೀವು ಕಂಡ ಕಪ್ಪು ಚುಕ್ಕೆಯಾದರೋ ಸತ್ತ ಅಂಗಾಂಶ. ಅಲ್ಲಿ ಆದೇಶ ಕೇಳಿಸಿಕೊಳ್ಳುವ ಕೋಶವೇ ಉಳಿದಿಲ್ಲ. ಚುಕ್ಕೆ ಮೂಡಿದ ಮೇಲೆ ಸಿಂಪಡಿಸುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತೆ.

ಹಾಗೆಂದು ನಿಮ್ಮ ಆಲೋಚನೆ ಬುಡವಿಲ್ಲದ್ದೇನಲ್ಲ. 1961ರಲ್ಲಿ ಫ್ರಾಂಕ್ ರಾಸ್ ಎಂಬ ವಿಜ್ಞಾನಿ ತಂಬಾಕು ಗಿಡದ ಕೆಳಗಿನ ಎಲೆಗಳಿಗೆ ಮೊಸಾಯಿಕ್ ವೈರಸ್ ತಗುಲಿಸಿ, ಕೆಲವು ದಿನಗಳ ನಂತರ ಮೇಲಿನ ಆರೋಗ್ಯವಂತ ಎಲೆಗಳಿಗೂ ಅದನ್ನೇ ತಗುಲಿಸಿದಾಗ, ಮೇಲಿನ ಎಲೆಗಳು ರೋಗವನ್ನು ಬಹುಮಟ್ಟಿಗೆ ತಡೆದುಕೊಂಡವು ಎಂದು ತೋರಿಸಿದ್ದರು. ಒಂದು ಎಲೆ ಕಂಡ ಅಪಾಯ ಇನ್ನೊಂದು ಎಲೆಗೆ ತಿಳಿದಿತ್ತು. 1979ರಲ್ಲಿ ಆರ್. ಎಫ್. ವೈಟ್ ಎಂಬುವರು ತಂಬಾಕಿನ ಎಲೆಗೆ ಆಸ್ಪಿರಿನ್ ದ್ರಾವಣವನ್ನೇ ಚುಚ್ಚಿ, ಅಂಥದೇ ನಿರೋಧಕತೆಯನ್ನು ಎಬ್ಬಿಸಬಹುದೆಂದು ವರದಿ ಮಾಡಿದರು. ಆಸ್ಪಿರಿನ್ ಒಡೆದಾಗ ಸ್ಯಾಲಿಸಿಲಿಕ್ ಆಮ್ಲ ಸಿಗುವುದರಿಂದ ಅದು ಸಹಜವೇ. 1990ರ ದಶಕದಲ್ಲಿ ಇದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿತು: ಸ್ಯಾಲಿಸಿಲಿಕ್ ಆಮ್ಲವನ್ನು ನಾಶಮಾಡುವ ದುಂಡಾಣುವಿನ ವಂಶವಾಹಿಯೊಂದನ್ನು ಗಿಡಕ್ಕೆ ಸೇರಿಸಿದಾಗ, ಆ ಗಿಡಗಳು ಇಂಥ ನಿರೋಧಕತೆಯನ್ನೇ ಕಳೆದುಕೊಂಡವು. ಎನ್‌ಪಿಆರ್1 ಎಂಬ ಪ್ರೋಟೀನ್ ಕೆಟ್ಟಿರುವ ಗಿಡಗಳಿಗೆ ಎಷ್ಟು ಸ್ಯಾಲಿಸಿಲಿಕ್ ಆಮ್ಲ ಕೊಟ್ಟರೂ ಅವು ಎಚ್ಚರಗೊಳ್ಳುವುದಿಲ್ಲವೆಂಬುದೂ ಅದೇ ದಶಕದಲ್ಲಿ ಗೊತ್ತಾಯಿತು. ಆದರೆ ಈ ಪ್ರಯೋಗಗಳಲ್ಲೆಲ್ಲ ಒಂದು ವಿವರವನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ: ಗಿಡವನ್ನು ಎಚ್ಚರಿಸಿದ್ದು ಪರೀಕ್ಷೆಯ ರೋಗ ತಗುಲಿಸುವ ಮುಂಚೆ.

ಇನ್ನು ಪ್ರಮಾಣದ ಮಾತು. ನಾಲ್ಕು ಮಾತ್ರೆ ಎಂದರೆ 1,300 ಮಿಲಿಗ್ರಾಂ. ಒಂದು ಲೀಟರಿನಲ್ಲಿ ಅದು 7 ಮಿಲಿಮೋಲಾರ್‌ಗಿಂತ (ದ್ರಾವಣ ಎಷ್ಟು ಗಟ್ಟಿ ಎಂಬುದರ ಅಳತೆ) ತುಸು ಹೆಚ್ಚಾಗುತ್ತದೆ. ಪ್ರಯೋಗಾಲಯದಲ್ಲಿ ಎಳೆಯ ಗಿಡಗಳಿಗೆ ಸ್ಯಾಲಿಸಿಲಿಕ್ ಆಮ್ಲ ಕೊಡುವಾಗ ನಾವು ಸಾಮಾನ್ಯವಾಗಿ 1 ಮಿಲಿಮೋಲಾರ್‌ನ ಆಚೆಗೆ ಹೋಗಲು ಹಿಂಜರಿಯುತ್ತೇವೆ, ಏಕೆಂದರೆ ಅಲ್ಲಿಂದ ಮುಂದೆ ಎಲೆಯಂಚು ಸುಡುವುದು ನಮಗೂ ಎದುರಾಗುವ ಅನುಭವವೇ. ದ್ರಾವಣದ ಹನಿ ಎಲೆಯ ತುದಿಗೆ ಜಾರಿ, ಅಲ್ಲೇ ನಿಂತು, ನೀರು ಆರಿದಂತೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಸುಟ್ಟ ಗುರುತು ಅಂಚಿನಲ್ಲಿ ಹೆಚ್ಚು ಕಾಣುತ್ತದೆ. ನಿಮ್ಮ ಕುಡಿ ಎಲೆಗಳ ಸುಡುವಿಕೆಗೆ ರೋಗಕ್ಕಿಂತ ಈ ಸಿಂಪಡಣೆಯೇ ಕಾರಣವೆಂದು ನನ್ನ ಅಂದಾಜು.

ಎಲೆಯೊಳಗೆ ನಡೆಯುವುದನ್ನು ತುಸು ವಿವರವಾಗಿ ನೋಡಿದರೆ ಜಾಸ್ಮೋನೇಟಿನ ವಿಷಯ ತಾನಾಗಿ ಸ್ಪಷ್ಟವಾಗುತ್ತದೆ. ಅನೇಕ ಶಿಲೀಂಧ್ರಗಳು ಎಲೆಯ ಮೇಲ್ಪದರವನ್ನು ಕೊರೆದುಕೊಂಡು ಒಳಹೋಗಬಲ್ಲವು. ದುಂಡಾಣುವಿಗೆ ಆ ಶಕ್ತಿಯಿಲ್ಲ. ಅದಕ್ಕೆ ಗಾಯ ಬೇಕು, ಇಲ್ಲವೇ ಗಿಡ ಉಸಿರಾಡುವ ಪತ್ರರಂಧ್ರ ಬೇಕು. ಎಲೆಯ ತಳಭಾಗದ ತೆಳುಪೊರೆಯನ್ನು ಸುಲಿದು ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅವರೆಕಾಳಿನ ಆಕಾರದ ಎರಡೆರಡು ಕೋಶಗಳು ಎದುರುಬದುರಾಗಿ ನಿಂತು ನಡುವೆ ಸೀಳು ಬಿಟ್ಟಿರುವುದು ಕಾಣುತ್ತದೆ. ಆ ಹನಿಗೆ ದುಂಡಾಣುಗಳನ್ನು ಬಿಟ್ಟರೆ ಸುಮಾರು ಒಂದು ಗಂಟೆಯೊಳಗೆ ಬಹುಪಾಲು ಸೀಳುಗಳು ಮುಚ್ಚಿಕೊಳ್ಳುತ್ತವೆ. ದುಂಡಾಣು ಈಜಲು ಬಳಸುವ ಬಾಲದ ಪ್ರೋಟೀನಿನಲ್ಲಿ 22 ಅಮೈನೋ ಆಮ್ಲಗಳ ಒಂದು ತುಣುಕಿದ್ದು, ಅದನ್ನು ಗುರುತಿಸುವ ಗ್ರಾಹಕ ಗಿಡದ ಕೋಶದ ಮೇಲಿರುತ್ತದೆ. ಗುರುತು ಹಿಡಿದ ಕೂಡಲೇ ಎಚ್ಚರಿಕೆ ಹೊರಡುತ್ತದೆ; ಬರಗಾಲದ ಹಾರ್ಮೋನೆಂದು ನಾವು ಪಾಠ ಹೇಳುವ ಅಬ್ಸಿಸಿಕ್ ಆಮ್ಲವೂ ಸ್ಯಾಲಿಸಿಲಿಕ್ ಆಮ್ಲವೂ ಬಾಗಿಲು ಮುಚ್ಚುವ ಈ ಕೆಲಸದಲ್ಲಿ ಪಾಲುಗೊಳ್ಳುತ್ತವೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಟೊಮೆಟೊಗೆ ಚುಕ್ಕೆರೋಗವೇ ಬರುತ್ತಿರಲಿಲ್ಲ. 2006ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಷೆಂಗ್ ಯಾಂಗ್ ಹೆ ಅವರ ತಂಡ ಗಮನಿಸಿದ್ದೇನೆಂದರೆ, ಮುಚ್ಚಿದ ರಂಧ್ರಗಳು ಮೂರು ಗಂಟೆಗಳ ಹೊತ್ತಿಗೆ ಮತ್ತೆ ತೆರೆದುಕೊಳ್ಳುತ್ತಿದ್ದವು. ತೆರೆಸುತ್ತಿದ್ದದ್ದು ದುಂಡಾಣುವೇ ತಯಾರಿಸುವ ಕೊರೊನಾಟಿನ್ ಎಂಬ ವಿಷವಸ್ತು. ಅದನ್ನು ತಯಾರಿಸಲಾಗದ ದುಂಡಾಣುಗಳಿಗೆ ರಂಧ್ರವನ್ನು ಮತ್ತೆ ತೆರೆಸಲಾಗಲಿಲ್ಲ. ಆ ಕೊರೊನಾಟಿನ್‌ನ ರಚನೆ ಗಿಡದ ಸ್ವಂತ ಹಾರ್ಮೋನಾದ ಜಾಸ್ಮೋನೇಟಿನ ಸಕ್ರಿಯ ರೂಪವನ್ನು ಬಲವಾಗಿ ಹೋಲುತ್ತದೆ. ಜಾಸ್ಮೋನೇಟಿಗೆಂದು ಗಿಡ ಇಟ್ಟುಕೊಂಡಿರುವ ಗ್ರಾಹಕಕ್ಕೆ ಈ ಕಳ್ಳಕೀಲಿ ಸರಾಗವಾಗಿ ಹೊಂದುತ್ತದೆ. ಆಗ ಜಾಸ್ಮೋನೇಟಿನ ಸ್ಪಂದನೆಯನ್ನು ಅದುಮಿಟ್ಟಿರುವ ಜೆಎಜೆಡ್ ಎಂಬ ತಡೆ ಪ್ರೋಟೀನ್‌ಗಳು ನಾಶವಾಗುತ್ತವೆ. 'ಹುಳು ಕಚ್ಚಿದೆ' ಎಂಬ ಸುಳ್ಳು ಸುದ್ದಿ ಎಲೆಯಲ್ಲಿ ಹರಡುತ್ತದೆ.

ಸುಳ್ಳು ಸುದ್ದಿಯಿಂದ ದುಂಡಾಣುವಿಗೇನು ಲಾಭ? ಗಿಡದ ರಕ್ಷಣೆಯಲ್ಲಿ ಎರಡು ದೊಡ್ಡ ದಾರಿಗಳಿವೆ. ಜೀವಂತ ಕೋಶದಿಂದ ಆಹಾರ ಹೀರುವ ರೋಗಾಣುಗಳ ಎದುರಿಗೆ ಹೆಚ್ಚಾಗಿ ಸ್ಯಾಲಿಸಿಲಿಕ್ ಆಮ್ಲದ ದಾರಿ. ಎಲೆ ಜಗಿಯುವ ಹುಳುಗಳು ಮತ್ತು ಕೋಶವನ್ನು ಕೊಂದು ತಿನ್ನುವ ಶಿಲೀಂಧ್ರಗಳ ಎದುರಿಗೆ ಜಾಸ್ಮೋನೇಟ್ ಹಾಗೂ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನ ದಾರಿ. ಇವೆರಡೂ ಅನೇಕ ಸಂದರ್ಭಗಳಲ್ಲಿ ಒಂದನ್ನೊಂದು ಅದುಮುತ್ತವೆ. ಗಿಡದ ಮಟ್ಟಿಗೆ ಇದು ಜಾಣತನವೇ, ಏಕೆಂದರೆ ಇರುವ ಸಕ್ಕರೆ ಮತ್ತು ಸಾರಜನಕವನ್ನು ಎಲ್ಲ ಶತ್ರುಗಳ ಎದುರಿಗೂ ಒಮ್ಮೆಗೇ ಹೂಡುವಷ್ಟು ಸಿರಿವಂತಿಕೆ ಯಾವ ಗಿಡಕ್ಕೂ ಇಲ್ಲ. ಆದರೆ ದುಂಡಾಣು ಈ ಜಾಣತನವನ್ನೇ ತನ್ನ ಲಾಭಕ್ಕೆ ತಿರುಗಿಸಿಕೊಂಡಿದೆ: ಜಾಸ್ಮೋನೇಟಿನ ದಾರಿಯನ್ನು ಎಬ್ಬಿಸಿಬಿಟ್ಟರೆ ತನ್ನನ್ನು ಹಿಡಿಯಬೇಕಾದ ಸ್ಯಾಲಿಸಿಲಿಕ್ ಆಮ್ಲದ ಉತ್ಪಾದನೆ ಕುಗ್ಗುತ್ತದೆ ಎಂಬುದು ಅದರ ಲೆಕ್ಕಾಚಾರ. ಕೊರೊನಾಟಿನ್ ಹೀಗೆ ರಂಧ್ರವನ್ನು ತೆರೆಸುವುದರ ಜೊತೆಗೆ ಸ್ಯಾಲಿಸಿಲಿಕ್ ಆಮ್ಲದ ಸಂಗ್ರಹವನ್ನೂ ತಗ್ಗಿಸುವ ಕೊಂಡಿಗಳನ್ನು 2012ರ ಸುಮಾರಿಗೆ ಬಿಡಿಸಿ ತೋರಿಸಲಾಯಿತು.

ನಿಮ್ಮ 'ಎರಡನ್ನೂ ಬೆರೆಸಿದರೆ' ಎಂಬ ಪ್ರಶ್ನೆಯನ್ನು ಹೊಲದಲ್ಲೇ ಪರೀಕ್ಷಿಸಿದ್ದಾರೆ, ಅದೂ ಟೊಮೆಟೊದಲ್ಲಿಯೇ. 1999ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸ್ಯಾಲಿಸಿಲಿಕ್ ಆಮ್ಲದಂತೆ ವರ್ತಿಸುವ ರಾಸಾಯನಿಕವನ್ನು ಸಿಂಪಡಿಸಿದ ಗಿಡಗಳಲ್ಲಿ ನಿಮ್ಮಲ್ಲಿರುವ ಚುಕ್ಕೆರೋಗವೇ ಕಡಿಮೆಯಾಯಿತು; ಜಾಸ್ಮೋನಿಕ್ ಆಮ್ಲ ಸಿಂಪಡಿಸಿದ ಗಿಡಗಳು ಎಲೆ ತಿನ್ನುವ ಹುಳುಗಳನ್ನು ಚೆನ್ನಾಗಿ ಎದುರಿಸಿದವು; ಎರಡನ್ನೂ ಪಡೆದ ಗಿಡಗಳಲ್ಲಿ ಹುಳುಗಳ ವಿರುದ್ಧದ ಆ ನಿರೋಧಕತೆ ಕುಗ್ಗಿತು. ಕೂಡಿಸಿದಷ್ಟೂ ಹೆಚ್ಚಾಗುವ ಲೆಕ್ಕ ಇದಲ್ಲ. ನಿಮ್ಮ ಗಿಡಗಳಲ್ಲಿ ಹುಳು ಹೆಚ್ಚಾದದ್ದಕ್ಕೂ ಆಸ್ಪಿರಿನ್ನಿಗೂ ಸಂಬಂಧ ಇರಬಹುದೇ ಎಂದರೆ, ತಾತ್ವಿಕವಾಗಿ ಸಾಧ್ಯ. ಆದರೆ ಎಲ್ಲ 40 ಗಿಡಗಳಿಗೂ ಸಿಂಪಡಿಸಿರುವುದರಿಂದ ಹೋಲಿಸಿ ನೋಡಲು ಸಿಂಪಡಿಸದ ಗಿಡವೇ ಉಳಿದಿಲ್ಲ, ಮಳೆಯ ನಂತರದ ಹಸಿ ಚಿಗುರಿಗೆ ಹುಳು ಬರುವುದು ಹೇಗೂ ಇದ್ದದ್ದೇ. ಮುಂದೆ ಏನನ್ನೇ ಪ್ರಯತ್ನಿಸಿದರೂ ಒಂದು ಸಾಲನ್ನು ಹಾಗೇ ಬಿಡಿ. ಹಾಗೆ ಬಿಡದ ಪ್ರಯೋಗಗಳ ಬಗ್ಗೆ ನನಗೆ ಬರುವ ಪತ್ರಗಳು ಒಂದೆರಡಲ್ಲ, ಅವುಗಳಿಂದ ಯಾರೂ ಏನನ್ನೂ ಕಲಿತದ್ದಿಲ್ಲ.

ಮಳೆಯ ನಂತರವೇ ರೋಗ ಏಕೆ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಪತ್ರದ ಅತಿ ಮುಖ್ಯ ಸುಳಿವು ಅದೇ. ಎಲೆಯ ಕೋಶಗಳ ನಡುವಿನ ಅವಕಾಶ ಸಾಮಾನ್ಯವಾಗಿ ಗಾಳಿಯಿಂದ ತುಂಬಿರುತ್ತದೆ. ದುಂಡಾಣುವಿಗೆ ಅಲ್ಲಿ ನೀರು ಬೇಕು. ಸೂಜಿಯಂಥ ಅಂಗದ ಮೂಲಕ ಅದು ಗಿಡದ ಕೋಶಕ್ಕೆ ಚುಚ್ಚುವ ಪ್ರೋಟೀನ್‌ಗಳಲ್ಲಿ ಕೆಲವು ಈ ಅವಕಾಶದಲ್ಲಿ ನೀರು ನಿಲ್ಲಿಸುವುದಕ್ಕೆಂದೇ ಇವೆಯೆಂದು 2016ರಲ್ಲಿ ತೋರಿಸಲಾಯಿತು, ಮತ್ತು ಗಾಳಿಯ ತೇವಾಂಶ ಹೆಚ್ಚಿದ್ದರೆ ಮಾತ್ರ ಅವು ಗೆಲ್ಲುತ್ತವೆ. ಇಲ್ಲೊಂದು ವಿಚಿತ್ರವಿದೆ. ಮೊದಲು ರಂಧ್ರ ಮುಚ್ಚಿ ಶತ್ರುವನ್ನು ಹೊರಗಿಡುತ್ತಿದ್ದ ಅಬ್ಸಿಸಿಕ್ ಆಮ್ಲವನ್ನೇ, ಒಳನುಗ್ಗಿದ ಮೇಲೆ ದುಂಡಾಣು ತಾನೇ ಹೆಚ್ಚಿಸುತ್ತದೆ, ಏಕೆಂದರೆ ಈಗ ರಂಧ್ರ ಮುಚ್ಚಿದಷ್ಟೂ ಒಳಗಿನ ನೀರು ಆರುವುದಿಲ್ಲ. ಹೊರಗಿರುವಾಗ ಬಾಗಿಲು ತೆರೆಸುವುದು, ಒಳಗೆ ಬಂದ ಮೇಲೆ ಮುಚ್ಚಿಸುವುದು: ಒಂದೇ ಹಾರ್ಮೋನು ಹೊತ್ತು ತಪ್ಪಿದರೆ ಎದುರಾಳಿಯ ಪಕ್ಷಕ್ಕೆ ಸೇರುತ್ತದೆ. ಬೆಳಗ್ಗೆ ಬೇಗ ಎದ್ದು ರೋಗದ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಇನ್ನೂ ಕಪ್ಪಾಗದ ಕೆಲವು ಜಾಗಗಳಲ್ಲಿ ಎಣ್ಣೆ ತಾಗಿದ ಕಾಗದದಂತೆ ಕಡುಹಸಿರಿನ ತೇವದ ಕಲೆಗಳು ಕಾಣಬಹುದು. ಬಿಸಿಲೇರಿದಂತೆ ಅವು ಮರೆಯಾಗುತ್ತವೆ. ನಾಳಿನ ಚುಕ್ಕೆಗಳು ಮೂಡುವುದು ಬಹುಮಟ್ಟಿಗೆ ಅಲ್ಲಿಯೇ.

ಹಾರ್ಮೋನಿನ ರಕ್ಷಣೆಗೆ ಬೆಲೆಯೂ ಇದೆ. ಸ್ಯಾಲಿಸಿಲಿಕ್ ಆಮ್ಲದ ದಾರಿ ಸದಾ ಚಾಲೂ ಇರುವ ರೂಪಾಂತರಿ ಗಿಡಗಳನ್ನು ಸಾಸಿವೆ ಬಳಗದ ಅರಾಬಿಡೊಪ್ಸಿಸ್‌ನಲ್ಲಿ ಬೆಳೆಸಿ ನೋಡಿದ್ದಾರೆ: ರೋಗ ಕಡಿಮೆ, ಆದರೆ ಗಿಡ ಕುಬ್ಜ, ಎಲೆ ಮುದುರು, ಬೀಜ ಕಡಿಮೆ. ಸೆಖೆಯೂ ಇದನ್ನು ಕೆಡಿಸುತ್ತದೆ. ಅದೇ ಗಿಡದಲ್ಲಿ ತಾಪಮಾನ 28 ಡಿಗ್ರಿ ಸೆಲ್ಸಿಯಸ್ ದಾಟಿದಾಗ ರೋಗಕ್ಕೆ ಪ್ರತಿಯಾಗಿ ಆಗಬೇಕಾದ ಸ್ಯಾಲಿಸಿಲಿಕ್ ಆಮ್ಲದ ಉತ್ಪಾದನೆ ಗಣನೀಯವಾಗಿ ಕುಸಿಯುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು ಎಲೆ ಒಣಗಿರುವಂತೆ ನೋಡಿಕೊಳ್ಳುವುದು, ಮತ್ತು ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲವೂ ಇದರ ನಂತರ. ನೀರನ್ನು ಮೇಲಿನಿಂದ ಹಾಕದೆ ಬುಡಕ್ಕೆ ಕೊಡಿ, ಬೆಳಗಿನ ಹೊತ್ತು ಕೊಡಿ, ಗಿಡಗಳಿಗೆ ಊರೆ ಕೊಟ್ಟು ನಡುವೆ ಗಾಳಿಯಾಡಲು ಬಿಡಿ. ಚುಕ್ಕೆ ತುಂಬಿದ ಕೆಳ ಎಲೆಗಳನ್ನು ಗಿಡ ಪೂರ್ತಿ ಒಣಗಿರುವಾಗ ಮಾತ್ರ ಕಿತ್ತು ದೂರ ಸಾಗಿಸಿ. ಒದ್ದೆ ಗಿಡಗಳ ನಡುವೆ ಓಡಾಡಿ ಎಲೆ ಕೀಳುವವರು ತಮ್ಮ ಕೈಯಿಂದಲೇ ರೋಗವನ್ನು ಸಾಲಿನ ಕೊನೆಯವರೆಗೆ ತಲುಪಿಸುವುದನ್ನು ನಾನು ಕಂಡಿದ್ದೇನೆ. ಈ ರೋಗ ಬೀಜದಲ್ಲೂ ಸಾಗುತ್ತದೆ, ಆದ್ದರಿಂದ ಈ ಗಿಡಗಳಿಂದ ಬೀಜ ಎತ್ತಿಡಬೇಡಿ.

ಎರಡನೆಯದು ತಾಮ್ರದ ಸಿಂಪಡಣೆ. ಅದು ಎಲೆಯ ಮೇಲಿರುವ ದುಂಡಾಣುವನ್ನು ಕೊಲ್ಲುತ್ತದೆ, ಒಳಸೇರಿದ್ದನ್ನು ಮುಟ್ಟುವುದಿಲ್ಲ; ಹೊಸ ಎಲೆಗಳಿಗೆ ಕವಚವೆಂದು ತಿಳಿದರೆ ನಿರಾಸೆಯಾಗದು. ತಾಮ್ರವನ್ನು ತಡೆದುಕೊಳ್ಳುವ ದುಂಡಾಣುಗಳು ಹಲವೆಡೆ ಹುಟ್ಟಿಕೊಂಡಿವೆ, ಪದೇ ಪದೇ ಬಳಸಿದರೆ ಮಣ್ಣಿನಲ್ಲೂ ತಾಮ್ರ ಸೇರಿಕೊಳ್ಳುತ್ತದೆ.

ಮೂರನೆಯದು ನೀವು ಆಸ್ಪಿರಿನ್ನಿಂದ ಬಯಸಿದ್ದನ್ನು ಮಾಡಲೆಂದೇ ತಯಾರಾದ ವಸ್ತು. ಅಸಿಬೆನ್ಝೊಲಾರ್-ಎಸ್-ಮಿಥೈಲ್ ಎಂಬ ರಾಸಾಯನಿಕ ದುಂಡಾಣುವನ್ನು ನೇರವಾಗಿ ಕೊಲ್ಲುವುದಿಲ್ಲ, ಸ್ಯಾಲಿಸಿಲಿಕ್ ಆಮ್ಲದ ದಾರಿಯನ್ನು ಎಬ್ಬಿಸುತ್ತದೆ. ಟೊಮೆಟೊದ ದುಂಡಾಣು ರೋಗಗಳಿಗೆ ಅದನ್ನು ಕೆಲವು ದೇಶಗಳಲ್ಲಿ ಬಳಸುತ್ತಾರೆ. ನಿಮ್ಮಲ್ಲಿ ಟೊಮೆಟೊಗೆ ಅನುಮತಿಯಿದ್ದರೆ ಮಾತ್ರ, ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ, ಅದೂ ರೋಗ ಬರುವ ಮುನ್ನ ಬಳಸಬೇಕು. ಕೆಲವು ಬೆಳೆಗಳಲ್ಲಿ ಇದರಿಂದ ಬೆಳವಣಿಗೆ ಮತ್ತು ಇಳುವರಿ ತಗ್ಗಿದ್ದು ದಾಖಲಾಗಿದೆ. ರೋಗ ಬಾರದ ವರ್ಷದಲ್ಲಿ ಬಳಸಿದರೆ ನಷ್ಟ ಮಾತ್ರ ಉಳಿಯುತ್ತದೆ. ನಿಮ್ಮ ಗಿಡಗಳು ಈಗಾಗಲೇ ಸಿಂಪಡಣೆಯಿಂದ ಬಳಲಿರುವುದರಿಂದ ಈ ಬೆಳೆಗೆ ನಾನು ಇದನ್ನು ಸೂಚಿಸುವುದಿಲ್ಲ.

ಬೇರಿನ ಬಳಿ ಬದುಕುವ ಉಪಕಾರಿ ದುಂಡಾಣುಗಳ ಬಗ್ಗೆಯೂ ನೀವು ಕೇಳಿರಬಹುದು. ಅವುಗಳಲ್ಲಿ ಕೆಲವು ಎಲೆಗಳನ್ನು ಸ್ಯಾಲಿಸಿಲಿಕ್ ಆಮ್ಲದ ಹೆಚ್ಚಳವಿಲ್ಲದೆಯೇ, ಜಾಸ್ಮೋನೇಟ್ ಮತ್ತು ಎಥಿಲೀನಿಗೆ ಬೇಗ ಸ್ಪಂದಿಸುವಂತೆ ಸಿದ್ಧಪಡಿಸುತ್ತವೆ, ಮತ್ತು ಆಶ್ಚರ್ಯವೆಂದರೆ ಇದಕ್ಕೂ ಅದೇ ಎನ್‌ಪಿಆರ್1 ಬೇಕು. ಎರಡು ದಾರಿಗಳೂ ಸದಾ ವೈರಿಗಳೆಂದು ನಾನು ಮೇಲೆ ಹೇಳದೆ 'ಅನೇಕ ಸಂದರ್ಭಗಳಲ್ಲಿ' ಎಂದದ್ದು ಇದಕ್ಕಾಗಿಯೇ. ಸಸಿಮಡಿಯ ಹಂತದಲ್ಲೇ ಕೊಡಬೇಕಾದ ಈ ಉಪಾಯದ ಫಲ ಮಣ್ಣಿನಿಂದ ಮಣ್ಣಿಗೆ ಬಹಳ ಬದಲಾಗುತ್ತದೆ. ಹಾನಿ ಕಡಿಮೆ, ಭರವಸೆಯೂ ಮಿತವಾಗಿರಲಿ.

ಮುಂದಿನ ಬೆಳೆಗೆ ನಿರೋಧಕ ತಳಿಯನ್ನು ಹುಡುಕುವುದು ಒಳ್ಳೆಯದು. 1993ರಲ್ಲಿ ಗುರುತಿಸಲಾದ ಟೊಮೆಟೊದ ಪಿಟಿಒ ಎಂಬ ವಂಶವಾಹಿ ಈ ದುಂಡಾಣು ಚುಚ್ಚುವ ಪ್ರೋಟೀನನ್ನೇ ಗುರುತು ಹಿಡಿದು ಸೋಂಕಿದ ಕೋಶವನ್ನು ಅಲ್ಲಿಯೇ ಸಾಯಿಸಿ ರೋಗವನ್ನು ಕಟ್ಟಿಹಾಕುತ್ತದೆ. ಆದರೆ ಅದನ್ನು ದಾಟಬಲ್ಲ ರೋಗಾಣು ತಳಿಗಳೂ ಇವೆ, ಆದ್ದರಿಂದ ನಿರೋಧಕ ತಳಿಯ ಬೀಜ ತಂದವರೂ ಎಲೆ ಒದ್ದೆ ಮಾಡುವುದನ್ನು ಬಿಡಬೇಕು. ಕೊರೊನಾಟಿನ್‌ನ ಕೀಲಿ ತಿರುಗದಂತೆ ಟೊಮೆಟೊದ ತಡೆ ಪ್ರೋಟೀನೊಂದನ್ನು ಕ್ರಿಸ್ಪರ್ ವಿಧಾನದಿಂದ ತಿದ್ದಿದ ಗಿಡಗಳ ವರದಿ 2019ರಲ್ಲಿ ಬಂತು. ಅವು ಚುಕ್ಕೆರೋಗವನ್ನು ಎದುರಿಸಿದವು, ಬೂದುಬಣ್ಣದ ಕೊಳೆ ತರುವ ಬೋಟ್ರೈಟಿಸ್ ಶಿಲೀಂಧ್ರಕ್ಕೆ ಹೆಚ್ಚು ಬಲಿಯಾಗಲೂ ಇಲ್ಲ. ಒಂದು ದಾರಿಯನ್ನು ಬಲಪಡಿಸಿದರೆ ಇನ್ನೊಂದು ಸೋಲಲೇಬೇಕೆಂಬ ನನ್ನ ತಲೆಮಾರಿನವರ ನಂಬಿಕೆಯನ್ನು ಅಲುಗಿಸಿದ ಕೆಲಸ ಅದು.

ಕೊನೆಗೆ ಹಣ್ಣಿನ ವಿಷಯ. ಗಿಡದ ಹಾರ್ಮೋನುಗಳು ನಮ್ಮ ದೇಹದ ಹಾರ್ಮೋನುಗಳಂತೆ ವರ್ತಿಸುವುದಿಲ್ಲ, ಸ್ಯಾಲಿಸಿಲಿಕ್ ಆಮ್ಲವಾದರೋ ನಾವು ತಿನ್ನುವ ಹಣ್ಣು ತರಕಾರಿಗಳಲ್ಲಿ ಅಲ್ಪಸ್ವಲ್ಪ ಮೊದಲಿನಿಂದಲೂ ಇದೆ. ಆ ಹೆಸರಿಗೆ ಹೆದರಬೇಕಿಲ್ಲ. ಆದರೆ ಆಸ್ಪಿರಿನ್ ಮನುಷ್ಯರ ಔಷಧಿ, ಬೆಳೆಗೆ ಹೊಡೆಯಲು ತಯಾರಾದದ್ದಲ್ಲ. ನೇರವಾಗಿ ಸಿಂಪಡಣೆ ಬಿದ್ದ ಹಣ್ಣುಗಳನ್ನು ಚೆನ್ನಾಗಿ ತೊಳೆದು ಬಳಸಿ, ಮನೆಯಲ್ಲಿ ಆಸ್ಪಿರಿನ್ ಒಗ್ಗದವರಿದ್ದರೆ ಅವರಿಗೆ ಆ ಹಣ್ಣು ಬೇಡ. ಇನ್ನು ಮುಂದೆ ಅದನ್ನು ಸಿಂಪಡಿಸಬೇಡಿ. ಸುಟ್ಟ ಎಲೆ ಮತ್ತೆ ಹಸಿರಾಗದು, ಇದ್ದ ಚುಕ್ಕೆಯೂ ಅಳಿಸಿಹೋಗದು; ಬರುವ ಎರಡು ವಾರ ನೀವು ಗಮನಿಸಬೇಕಾದದ್ದು ಹೊಸದಾಗಿ ಬಿಚ್ಚಿಕೊಳ್ಳುವ ಎಲೆಗಳನ್ನು. ಅವು ಶುಭ್ರವಾಗಿದ್ದರೆ ಬೇರೇನೂ ಮಾಡಬೇಡಿ. ಕಾಯಿಯ ಮೇಲೆ ಚುಕ್ಕೆ ಕಂಡರೆ ಉಗುರಿನಿಂದ ಕೆರೆದು ನೋಡಿ: ಈ ರೋಗದ ಚುಕ್ಕೆ ಸಿಪ್ಪೆಯಷ್ಟೇ ಆಳದ್ದು, ಕೆರೆದರೆ ಕಿತ್ತು ಬರುತ್ತದೆ, ಒಳಗಿನ ತಿರುಳು ಕೆಟ್ಟಿರುವುದಿಲ್ಲ. ಕಿತ್ತು ಬಾರದೆ, ದೊಡ್ಡದಾಗಿ, ಹುರುಕಿನಂತೆ ಒರಟಾಗಿದ್ದರೆ ಅದು ಕ್ಸಾಂಥೋಮೊನಾಸ್ ತರುವ ಬೇರೆ ರೋಗವಿರಬಹುದು. ಹಾಗಿದ್ದಲ್ಲಿ ಕಾಯಿಯ ಮಾದರಿಯನ್ನು ಮತ್ತೊಮ್ಮೆ ಪರೀಕ್ಷೆಗೆ ಕಳುಹಿಸಿ.